ನಾಲ್ಕು ದುಡಿ, ನಾಲ್ಕು ಕಮಾನು

ಮಡಿಕೇರಿಯ ರಾಜಾಸೀಟಿನಲ್ಲಿ ಸಂಜೆ ಹೊತ್ತು ನಿಂತವರಿಗೆ ಪಡುವಣದ ಬೆಟ್ಟಸಾಲು, ಕಣಿವೆಯಿಂದ ಏಳುವ ಮಂಜು, ಕೆಂಪಾಗುತ್ತ ಇಳಿಯುವ ಸೂರ್ಯ, ಎಲ್ಲವೂ ಒಟ್ಟಿಗೆ ಕಾಣಸಿಗುತ್ತವೆ. ಕ್ಯಾಮೆರಾ ಹಿಡಿದವರಿಗೆ ಅಷ್ಟು ಧಾರಾಳವಾಗಿ ಸಾಕು. ಸಂಗೀತ ರಚಿಸುವವನಿಗೆ ಮಾತ್ರ ಆ ನೋಟದಿಂದ ದಕ್ಕುವುದು ಬಹಳ ಕಡಿಮೆ. ನೋಟದಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಹಾಜರಿರುತ್ತವೆ. ಸಂಗೀತದಲ್ಲಿ ಒಂದು ಸರಿದ ಮೇಲೆಯೇ ಇನ್ನೊಂದು ಬರಬೇಕು, ಬಂದದ್ದು ಸರಿದುಹೋದದ್ದನ್ನು ಕೇಳುಗನ ನೆನಪಿನಲ್ಲಿ ಎಬ್ಬಿಸಬೇಕು. ಹೀಗಾಗಿ ಕೊಡಗಿನಲ್ಲಿ ಕುಳಿತು ಬರೆಯುವ ನನಗೆ ಬೇಕಾದದ್ದನ್ನು ಈ ಊರು ಕೊಟ್ಟಿರುವುದು ತನ್ನ ಚೆಲುವಿನ ಮೂಲಕವಲ್ಲ, ತನ್ನ ಹೊತ್ತುಗೊತ್ತುಗಳ ಮೂಲಕ: ಯಾವುದರ ನಂತರ ಯಾವುದು, ಎಷ್ಟು ಅಂತರದಲ್ಲಿ, ಯಾರು ಬಿಟ್ಟದ್ದನ್ನು ಯಾರು ಹಿಡಿಯಬೇಕು ಎಂಬ ಕ್ರಮದ ಮೂಲಕ. ಬೆಂಗಳೂರಿನಲ್ಲಿ ನನ್ನ ಕೃತಿಯೊಂದನ್ನು ನುಡಿಸಿದಾಗೆಲ್ಲ ನಿಧಾನಗತಿಯ ಭಾಗ ಬಂದ ಕೂಡಲೇ ಯಾರಾದರೊಬ್ಬರು ಅದರಲ್ಲಿ ಮಂಜನ್ನು ಕಂಡೇ ಕಾಣುತ್ತಾರೆ. ಬೇಡವೆನ್ನಲಾರೆ, ಆದರೆ ಬರೆಯುವಾಗ ಅಲ್ಲಿ ಮಂಜು ಇರಲಿಲ್ಲ.

ನಾನು ಬರೆಯುವುದು ಹೆಚ್ಚಾಗಿ ಚೇಂಬರ್ ಸಂಗೀತ ಮತ್ತು ಒಂಟಿ ವಾದ್ಯದ ಕೃತಿಗಳು. ಇಬ್ಬರಿಂದ ಎಂಟು ಹತ್ತು ಮಂದಿಯವರೆಗೆ, ಒಬ್ಬೊಬ್ಬರಿಗೂ ಪ್ರತ್ಯೇಕ ಪಾತ್ರವಿದ್ದು, ಮುಂದೆ ನಿಂತು ಕೋಲು ಆಡಿಸುವ ನಿರ್ವಾಹಕನಿಲ್ಲದೆ, ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸುತ್ತ ನುಡಿಸುವ ಪದ್ಧತಿ ಅದು. ನಮ್ಮ ಮನೆ ಕಚೇರಿಗಳನ್ನು ಬಲ್ಲವರಿಗೆ ಅದರ ಹವೆ ಹೊಸದಲ್ಲ. ಹೊಸದೆನಿಸುವುದು ಎಲ್ಲವೂ ಮೊದಲೇ ಸ್ವರಲಿಪಿಯಲ್ಲಿ ಬರೆದಿರುತ್ತದೆ ಎಂಬುದು. ಇದು ನಮ್ಮ ನೆಲದ್ದಲ್ಲವಲ್ಲ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಪಿಟೀಲು ನಮ್ಮದಾಯಿತು. ಇಲ್ಲಿಂದ ಮೂರು ಗಂಟೆಯ ಹಾದಿಯಲ್ಲಿರುವ ಮೈಸೂರಿನಲ್ಲಿ ಕುಳಿತು ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಕೊಡುಕೊಳ್ಳುವಿಕೆ ಹಳೆಯದು. ವಾದ ಬೆಳೆಸುವುದಕ್ಕಿಂತ ಕೆಲಸದ ವಿಷಯಕ್ಕೆ ಬರುವುದು ಮೇಲು.

ನನ್ನ ಮೊದಲ ಕ್ವಾರ್ಟೆಟ್ಟಿನ, ಅಂದರೆ ನಾಲ್ಕು ವಾದ್ಯಗಳ ಕೃತಿಯ, ಬೀಜ ದುಡಿಕೊಟ್ಟ್ ಪಾಟ್, ದುಡಿ ಬಡಿಯುತ್ತ ಹಾಡುವ ಕೊಡವರ ಹಾಡು. ಮದುವೆಗಳಲ್ಲಿ, ಊರ ಹಬ್ಬಗಳಲ್ಲಿ, ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯದಲ್ಲಿ ಮನೆಮನೆಗೆ ಹೋಗಿ ಹಾಡುವಾಗ, ಸಾವಿನ ಮನೆಯಲ್ಲೂ ಇದನ್ನು ಕೇಳಬಹುದು. ನಾಲ್ವರು ಹಾಡುಗಾರರು, ಒಬ್ಬೊಬ್ಬರ ಕೈಯಲ್ಲಿ ನಡು ಸಣ್ಣಗಿರುವ ಒಂದೊಂದು ದುಡಿ, ತೆಳ್ಳನೆಯ ಕಡ್ಡಿಯ ಪೆಟ್ಟಿಗೆ ಒಣಗಿದ, ಚಿಕ್ಕ ಶಬ್ದ. ಇಬ್ಬರು ಹಿಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಮಟ್ಟು ಸರಳ, ಸ್ವರಗಳ ಹರವು ಕಿರಿದು, ಒಂದೇ ನಡೆ ಗಂಟೆಗಟ್ಟಲೆ ಸಾಗುತ್ತದೆ. ಹೊರಗಿನಿಂದ ಬಂದವರಿಗೆ ಹತ್ತು ನಿಮಿಷದಲ್ಲಿ ಎಲ್ಲ ಕೇಳಿ ಮುಗಿಯಿತೆನಿಸುವುದುಂಟು. ನಮ್ಮ ಮನೆಮಾತು ಅರೆಭಾಷೆ. ಚಿಕ್ಕಂದಿನಿಂದ ಕೊಡವ ನೆರೆಯವರ ಮನೆಗಳಲ್ಲಿ ಈ ಹಾಡನ್ನು ಕೇಳಿದ್ದರೂ, ಅರ್ಥ ಪೂರ್ತಿ ಹಿಡಿಯದ ಕಾರಣಕ್ಕೇ ಇರಬೇಕು, ನನ್ನ ಕಿವಿ ಮಾತಿಗಿಂತ ಅದರ ಕೀಲುಗಳ ಮೇಲೆ ನೆಟ್ಟಿತು.

ಕೀಲು ಎಂದರೆ ಸಾಲು ಕೈಬದಲಾಗುವ ಜಾಗ. ಗಮನವಿಟ್ಟು ಕೇಳಿದರೆ ಮೊದಲ ಜೋಡಿ ಮುಗಿಸಿದ ಮೇಲೆ ಎರಡನೆಯ ಜೋಡಿ ಶುರುಮಾಡುವುದಿಲ್ಲ. ಮೊದಲಿನವರ ಕೊನೆಯ ಅಕ್ಷರ ಇನ್ನೂ ಎಳೆಯುತ್ತಿರುವಾಗಲೇ ಎರಡನೆಯವರ ದನಿ ಅದರ ಅಡಿಯಿಂದ ಎದ್ದಿರುತ್ತದೆ, ಮೊದಲಿನವರು ಆ ನೆರಳಿನಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಯಾರ ಉಸಿರೂ ಕೇಳುವವರಿಗೆ ಕಾಣಿಸುವುದಿಲ್ಲ, ಹಾಡಿಗೆ ಬಿರುಕೂ ಬೀಳುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ: ನಾಲ್ಕು ದುಡಿಗಳು ಒಂದೇ ಏಟಿಗೆ ಬೀಳುತ್ತವೆಂದು ನಾವು ಅಂದುಕೊಳ್ಳುತ್ತೇವೆ, ಆದರೆ ನಾಲ್ಕು ಕೈಗಳು ಕೂದಲೆಳೆಯಷ್ಟು ಹಿಂದುಮುಂದಾಗಿಯೇ ಬೀಳುವುದು, ಆ ಹಿಂದುಮುಂದಿನಿಂದಲೇ ಪೆಟ್ಟಿಗೆ ಒಂದು ಅಗಲ ಬರುತ್ತದೆ. ಯಂತ್ರದಲ್ಲಿ ಅದನ್ನು ಸರಿಪಡಿಸಿ ಒಂದೇ ಗೆರೆಗೆ ತಂದರೆ ದುಡಿಯ ಸದ್ದು ಸತ್ತಂತಾಗುತ್ತದೆ. ಈಚೆಗೆ ಸ್ಟುಡಿಯೊಗಳಲ್ಲಿ ಸಿದ್ಧವಾಗುವ ಎಷ್ಟೋ ಧ್ವನಿಮುದ್ರಣಗಳಲ್ಲಿ ಹೀಗೇ ಆಗಿದೆ ಎಂಬುದು ನನ್ನ ತಕರಾರು.

ಕ್ವಾರ್ಟೆಟ್ಟಿಗೆ ನಾನು ತಂದುಕೊಂಡದ್ದು ಈ ಎರಡೇ ಸಂಗತಿಗಳನ್ನು; ಮಟ್ಟನ್ನು ಮುಟ್ಟಲಿಲ್ಲ. ಎರಡು ವಾಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೊಲಾ, ಇನ್ನೂ ದೊಡ್ಡದಾದ, ಮಂದ್ರದ ದನಿಯ ಒಂದು ಚೆಲ್ಲೊ, ಇವನ್ನು ಎರಡು ಜೋಡಿಗಳಾಗಿ ಒಡೆದೆ. ಇದರಲ್ಲಿ ನಾನು ಮೊದಲಿಗನೇನಲ್ಲ. ಅಮೆರಿಕದ ಎಲಿಯಟ್ ಕಾರ್ಟರ್ 1971ರಲ್ಲಿ ಬರೆದ ಮೂರನೆಯ ಕ್ವಾರ್ಟೆಟ್ಟಿನಲ್ಲಿ ಮೊದಲ ವಾಯೊಲಿನ್ ಮತ್ತು ಚೆಲ್ಲೊ ಒಂದು ಜೋಡಿ, ಎರಡನೆಯ ವಾಯೊಲಿನ್ ಮತ್ತು ವಿಯೊಲಾ ಇನ್ನೊಂದು ಜೋಡಿ. ಎರಡಕ್ಕೂ ಬೇರೆ ಬೇರೆ ನಡೆ, ಬೇರೆ ಬೇರೆ ಸಾಮಗ್ರಿ. ಕಾರ್ಟರ್ ಅವರ ಜೋಡಿಗಳು ಒಂದನ್ನೊಂದು ಲೆಕ್ಕಿಸದೆ ತಮ್ಮ ಪಾಡಿಗೆ ಸಾಗುತ್ತವೆ, ಅದೇ ಆ ಕೃತಿಯ ಬಿಗುವು. ದುಡಿಯ ಜೋಡಿಗಳಿಗೆ ಹಾಗೆ ಸಾಗುವ ಸ್ವಾತಂತ್ರ್ಯವಿಲ್ಲ. ಒಬ್ಬರು ಬಿಟ್ಟಲ್ಲಿಂದಲೇ ಇನ್ನೊಬ್ಬರು ಹಿಡಿಯಬೇಕು. ಹಾಗಾಗಿ ನನ್ನ ಕೃತಿಯಲ್ಲಿ ಯಾವ ವಾಕ್ಯವೂ ಒಂದೇ ಜೋಡಿಯಲ್ಲಿ ಮುಗಿಯುವುದಿಲ್ಲ. ತಾಲೀಮಿನಲ್ಲಿ ಕಷ್ಟವಾದದ್ದೂ ಇದೇ. ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತ ವಾದಕರು ತಮ್ಮ ವಾಕ್ಯದ ತುದಿಯನ್ನು ಚೆಂದವಾಗಿ ಇಳಿಸಿ ಮುಗಿಸುವುದನ್ನು ವರ್ಷಗಟ್ಟಲೆ ರೂಢಿಸಿಕೊಂಡಿರುತ್ತಾರೆ. ಇಳಿಸಬೇಡಿ, ಅವರು ಬಂದು ಹೊರುವವರೆಗೆ ಕೆಳಗಿಡಬೇಡಿ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೆ ನಾಪೋಕ್ಲು ಕಡೆಯ ಮದುವೆಯೊಂದಕ್ಕೆ ಅವರನ್ನು ಕರೆದುಕೊಂಡು ಹೋದ ಮೇಲೆ ವಿವರಣೆಯ ಅಗತ್ಯವೇ ಉಳಿಯಲಿಲ್ಲ.

ಅದೇ ಮದುವೆಯಲ್ಲಿ ಕೊಂಬು ಊದುತ್ತಿದ್ದ ಹಿರಿಯರೊಬ್ಬರ ಹತ್ತಿರ ಊಟದ ನಂತರ ಮಾತಿಗೆ ಕುಳಿತೆ. ಕೊಂಬಿಗೆ ರಂಧ್ರಗಳಿಲ್ಲ, ಕೀಲಿಗಳಿಲ್ಲ. ಬಾಗಿದ ಲೋಹದ ಕೊಳವೆ, ತುದಿಯಲ್ಲಿ ತುಟಿ. ಉಸಿರಿನ ಒತ್ತಡ ಮತ್ತು ತುಟಿಯ ಬಿಗಿತದಿಂದಲೇ ಸ್ವರ ಬದಲಾಗಬೇಕು, ಹಾಗೆ ಸಲೀಸಾಗಿ ಸಿಗುವ ಸ್ವರಗಳು ಕೆಲವೇ. “ಅಣ್ಣ, ಈ ಎರಡರ ಮಧ್ಯೆ ಇನ್ನೊಂದು ಸ್ವರ ತೆಗೆಯಲಿಕ್ಕೆ ಆಗುದಿಲ್ವಾ?” ಎಂದು ಕೇಳಿದೆ. “ಆಗುದಿಲ್ಲ ಅಂತಲ್ಲ, ಅದು ಅಲ್ಲಿ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತೆಗೆಯುದು?” ಎಂದರು. ಭೌತಶಾಸ್ತ್ರದ ಪಾಠವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಊದುವ ಕೊಳವೆಯಲ್ಲಿ ಸಿಗುವ ಈ ಸಹಜ ಸ್ವರಗಳ ಸಾಲೇ ತಂತಿಯಲ್ಲೂ ಇದೆ. ಚೆಲ್ಲೊದ ಅತಿ ಮಂದ್ರದ ತಂತಿಯನ್ನು ಬೆರಳಿನಿಂದ ಒತ್ತದೆ, ಸರಿಯಾದ ಬಿಂದುವಿನಲ್ಲಿ ಬರೀ ತಾಗಿಸಿ ಕಮಾನು ಎಳೆದರೆ ತಂತಿ ಎರಡು, ಮೂರು, ನಾಲ್ಕು, ಐದು ಸಮಭಾಗಗಳಾಗಿ ಕಂಪಿಸುತ್ತದೆ. ಆ ತಂತಿಯನ್ನು ಷಡ್ಜವೆಂದು ಹಿಡಿದರೆ ಮೂರನೆಯ ಭಾಗದಲ್ಲಿ ಪಂಚಮ, ಐದರಲ್ಲಿ ಅಂತರ ಗಾಂಧಾರ ಕೇಳುತ್ತದೆ. ಏಳಕ್ಕೆ ಬಂದಾಗ ಕಥೆ ಬದಲಾಗುತ್ತದೆ. ತೆರೆದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 65.4, ಅದರ ಏಳು ಪಟ್ಟು ಸುಮಾರು 458. ಪಿಯಾನೊದಲ್ಲಿ ಅದಕ್ಕೆ ಹತ್ತಿರದ ಕೈಶಿಕಿ ನಿಷಾದ 466ರಲ್ಲಿದೆ. ಎಂಟು ಕಂಪನಗಳ ಈ ಇಳಿತ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಿಷಾದ ಒಂದಿಷ್ಟು ದಣಿದಂತೆ ಕೇಳಿಸುತ್ತದೆ. ಹನ್ನೊಂದನೆಯದಂತೂ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಸರಿಸುಮಾರು ನಟ್ಟನಡುವೆ ನಿಲ್ಲುತ್ತದೆ, ಯಾವ ಮೇಳಕರ್ತ ರಾಗಕ್ಕೂ ಸೇರುವುದಿಲ್ಲ.

ಬ್ರಿಟನ್ನಿನ ಬೆಂಜಮಿನ್ ಬ್ರಿಟನ್ 1943ರಲ್ಲಿ ಟೆನರ್ (ಎತ್ತರದ ಗಂಡುದನಿ), ಹಾರ್ನ್ (ಪಾಶ್ಚಾತ್ಯರ ಲೋಹದ ಕೊಂಬು) ಮತ್ತು ತಂತಿವಾದ್ಯಗಳಿಗಾಗಿ ಬರೆದ ‘ಸೆರೆನೇಡ್’ ಎಂಬ ಕೃತಿಯ ಮೊದಲಲ್ಲಿ ಒಂಟಿ ಹಾರ್ನ್ ಈ ಸಹಜ ಸ್ವರಗಳನ್ನೇ ನುಡಿಸುತ್ತದೆ. ಶ್ರುತಿ ತಪ್ಪಿದೆಯೆಂದು ಅಂದುಕೊಂಡ ಕೇಳುಗರು ಇದ್ದೇ ಇದ್ದರು. ಹಂಗೆರಿಯ ಲಿಗೆಟಿ 1982ರ ಹಾರ್ನ್ ಟ್ರಿಯೊದಲ್ಲಿ ಹಾರ್ನಿಗೆ ಈ ಸ್ವರಗಳನ್ನು ಕೊಟ್ಟು, ಪಕ್ಕದಲ್ಲೇ ಅದಕ್ಕೆ ಒಗ್ಗದ ಪಿಯಾನೊವನ್ನು ಕೂರಿಸಿದರು. ನನ್ನ ಒಂಟಿ ಚೆಲ್ಲೊ ಕೃತಿಯ ನಡುವಿನ ಭಾಗ ಪೂರ್ತಿ ಒಂದೇ ತಂತಿಯ ಮೇಲೆ, ಈ ಸ್ವರಗಳಲ್ಲೇ ಇದೆ. ಕೊಂಬಿನ ಆರ್ಭಟ ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆ ಹಿರಿಯರ ಮಾತನ್ನು ನಾನು ನಿಯಮವಾಗಿ ಇಟ್ಟುಕೊಂಡೆ: ತಂತಿಯಲ್ಲಿ ಇಲ್ಲದ ಸ್ವರವನ್ನು ಬೆರಳೊತ್ತಿ ತೆಗೆಯುವಂತಿಲ್ಲ. ನಿಯಮ ಬಿಗಿಯಾದಷ್ಟೂ ಏಳನೆಯ ಸ್ವರದ ಆ ದಣಿವಿಗೆ ಬೆಲೆ ಬರುತ್ತ ಹೋಯಿತು.

ಜನಪದ ಸಂಗೀತದಿಂದ ಪಡೆಯುವ ಬಗೆಗಳ ಕುರಿತು ಹಂಗೆರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ 1931ರಲ್ಲಿ ಬರೆದದ್ದು ಇಂದಿಗೂ ಸರಿಯಾಗಿದೆ. ಹಳ್ಳಿಯ ಮಟ್ಟನ್ನು ಇದ್ದ ಹಾಗೆಯೇ ತೆಗೆದುಕೊಂಡು ಪಕ್ಕವಾದ್ಯ ಸೇರಿಸುವುದು ಒಂದು. ಅದೇ ಧಾಟಿಯಲ್ಲಿ ಹೊಸ ಮಟ್ಟು ಕಟ್ಟುವುದು ಇನ್ನೊಂದು. ಮಟ್ಟೂ ಅನುಕರಣೆಯೂ ಇಲ್ಲದೆ ಅದರ ಹವೆಯನ್ನೇ ಮೈಗೂಡಿಸಿಕೊಂಡು ಬರೆಯುವುದು ಮೂರನೆಯದು. ಬಾರ್ಟೋಕ್ ಮತ್ತು ಅವರ ಜೊತೆಗಾರ ರಚನಕಾರ ಕೊದಾಯ್ 1900ರ ದಶಕದಲ್ಲಿಯೇ ಫೋನೋಗ್ರಾಫ್ ಹೊತ್ತು ಹಂಗೆರಿಯ ಹಳ್ಳಿಗಳನ್ನು ಸುತ್ತಿ ಹಾಡುಗಳನ್ನು ಸಂಗ್ರಹಿಸಿದರು. ಹೆಚ್ಚುಕಡಿಮೆ ಅದೇ ತಲೆಮಾರಿನಲ್ಲಿ ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಾರರ ಬಾಯಿಂದ ಕೇಳಿ ಬರೆದಿಟ್ಟದ್ದು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಹೊರಬಂತು. ಹಂಗೆರಿಯಲ್ಲಿ ಆ ಸಂಗ್ರಹದಿಂದ ಬಾರ್ಟೋಕ್ ಅವರ ಆರು ಕ್ವಾರ್ಟೆಟ್ಟುಗಳೂ, ಎರಡು ವಾಯೊಲಿನ್‌ಗಳಿಗಾಗಿ 44 ಪುಟ್ಟ ಜೋಡಿಕೃತಿಗಳೂ ಸತ್ತ್ವ ಹೀರಿಕೊಂಡವು. ನಮ್ಮಲ್ಲಿ ಹಾಡಿನ ಸಾಹಿತ್ಯದ ಮೇಲೆ ನಡೆದಷ್ಟು ಕೆಲಸ ಅದರ ನಾದದ ಮೇಲೆ ನಡೆದಿಲ್ಲ. ಮೊದಲನೆಯ ಬಗೆಯನ್ನು ನಾನು ದೂರವಿಟ್ಟಿದ್ದೇನೆ. ದುಡಿಯ ಹಾಡು ಹಾಡುವವರು ಊರಲ್ಲಿ ಇನ್ನೂ ಹಾಡುತ್ತಿದ್ದಾರೆ, ವಾಲಗದವರು ಇನ್ನೂ ನುಡಿಸುತ್ತಿದ್ದಾರೆ. ಅವರ ಹಾಡಿಗೆ ನನ್ನ ಪಿಟೀಲಿನ ಕೋಟು ತೊಡಿಸಿ ಸಭಾಂಗಣದಲ್ಲಿ ನಿಲ್ಲಿಸುವ ತುರ್ತು ಏನಿದೆ?

ಹಕ್ಕಿಯ ವಿಷಯ ಬಂದಾಗಲೂ ನಾನು ಹಿಂಜರಿಯುತ್ತೇನೆ. ಚೆಕ್ ರಚನಕಾರ ದ್ವೋರ್ಜಾಕ್ 1893ರಲ್ಲಿ ಅಮೆರಿಕದ ಸ್ಪಿಲ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಬರೆದ ಕ್ವಾರ್ಟೆಟ್ಟಿನ ಮೂರನೆಯ ಭಾಗದಲ್ಲಿ ಅಲ್ಲಿನ ಹಕ್ಕಿಯೊಂದರ ಕೂಗು ಇದೆ. ಫ್ರಾನ್ಸಿನ ಮೆಸಿಯಾನ್ ಅವರಂತೂ ಹಕ್ಕಿಗಳನ್ನೇ ಗುರುಗಳೆಂದು ನಂಬಿದವರು. ಯುದ್ಧಕೈದಿಯಾಗಿದ್ದಾಗ ಬರೆದು 1941ರ ಜನವರಿ 15ರಂದು ಶಿಬಿರದಲ್ಲೇ ನುಡಿಸಿದ ಅವರ ಕ್ವಾರ್ಟೆಟ್ಟಿನಲ್ಲಿ ಒಂದಿಡೀ ಭಾಗ ಒಂಟಿ ಕ್ಲಾರಿನೆಟ್ಟಿನದು, ಅದರ ಜೀವ ಹಕ್ಕಿಯ ದನಿ. (ಅದೇ ಮೆಸಿಯಾನ್ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶೀತಾಳಗಳನ್ನು ಅಭ್ಯಾಸ ಮಾಡಿ ಬಳಸಿಕೊಂಡರು, ನಮ್ಮ ಸಂಗೀತ ಕಾಲೇಜುಗಳಲ್ಲಿ ಅವು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠವಾಗಿ ಮರುದಿನ ಮರೆತುಹೋಗುವ ಪಟ್ಟಿ.) ನಮ್ಮ ತೋಡಿನ (ಹಳ್ಳದ) ಬದಿಯಲ್ಲಿ ಮುಂಗಾರಿನ ನಸುಕಿಗೆ ಮಲಬಾರ್ ಶಿಳ್ಳೆ ಹಕ್ಕಿ ಹಾಡುವುದನ್ನು ಕೇಳಿದವರಿಗೆ ಅದನ್ನು ಬರೆದಿಟ್ಟುಕೊಳ್ಳುವ ಆಸೆ ಸಹಜ, ಅಷ್ಟರಮಟ್ಟಿಗೆ ಅದು ಮನುಷ್ಯನ ಶಿಳ್ಳೆಯಂತಿದೆ. ಆದರೆ ಅದರ ಸೊಗಸು ಸ್ವರಗಳಲ್ಲಿಲ್ಲ. ಮಟ್ಟು ಈಗ ಕೂಡಿಬರುತ್ತದೆ ಎಂದು ನಂಬಿಸಿ, ಕೂಡಿಬರುವ ಮೊದಲೇ ಬೇರೆಡೆಗೆ ಹೊರಳುವುದರಲ್ಲಿದೆ. ಒಂಟಿ ಕೊಳಲಿಗಾಗಿ ಬರೆದ ಚಿಕ್ಕ ಕೃತಿಯಲ್ಲಿ ಆ ಹೊರಳುವಿಕೆಯನ್ನಷ್ಟೇ ಉಳಿಸಿಕೊಂಡೆ.

ಇವೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹೂಮಳೆ, ಕಾಫಿಯ ಮೊಗ್ಗನ್ನು ಅರಳಿಸುವ ಮಳೆ. ಫೆಬ್ರವರಿ ಕಳೆಯುತ್ತಿದ್ದಂತೆ ಕೊಡಗಿನ ಬೆಳೆಗಾರರೆಲ್ಲರ ಕಣ್ಣು ಆಕಾಶದ ಮೇಲೆ. ಗಿಡದಲ್ಲಿ ಮೊಗ್ಗು ಆಗಲೇ ಕಟ್ಟಿರುತ್ತದೆ, ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಮೊಗ್ಗು ಎಚ್ಚರಗೊಳ್ಳುತ್ತದೆ, ಆದರೆ ಕೂಡಲೇ ಅರಳುವುದಿಲ್ಲ. ಮಾರನೆಯ ದಿನ ತೋಟಕ್ಕೆ ಹೋದರೆ ಬದಲಾವಣೆಯೇ ಕಾಣದು. ಎಂಟು ಹತ್ತು ದಿನಗಳ ನಂತರ ಒಂದು ಬೆಳಗ್ಗೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಹೂವು ಕಂದುತ್ತದೆ. ಮಳೆ ಅರೆಬರೆ ಬಿದ್ದರೆ ಮೊಗ್ಗು ಸರಿಯಾಗಿ ಬಿರಿಯದೆ ಕೆಡುತ್ತದೆ. ಹೂವಾದ ಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ, ತೋಟದವರು ಬ್ಯಾಕಿಂಗ್ ಎನ್ನುವುದು, ಬರಲೇಬೇಕು. ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಎಸ್ಟೇಟಿನ ಲೈನ್ ಮನೆಯ ಕೂಲಿಗಾರರಿಂದ ಹಿಡಿದು ಮಾಲೀಕರವರೆಗೆ ಆ ದಿನಗಳಲ್ಲಿ ಫೋನಿನಲ್ಲಿ ಕೇಳುವ ಮೊದಲ ಮಾತು “ನಿಮ್ಮಲ್ಲಿ ಎಷ್ಟು ಬಿತ್ತು?” ಎಂದೇ.

ಕಾರಣಕ್ಕೂ ಕಾರ್ಯಕ್ಕೂ ನಡುವೆ ಏನೂ ನಡೆಯದಂತೆ ತೋರುವ ಇಷ್ಟು ದೀರ್ಘ ಅವಧಿ ಇರಬಹುದು ಎಂಬುದು ರಚನೆಯ ದೃಷ್ಟಿಯಿಂದ ಬಹಳ ದೊಡ್ಡ ಸೂಚನೆ. ನಾವು ಕಲಿತ ಪದ್ಧತಿಯಲ್ಲಿ ಒಂದು ಎಳೆಯನ್ನು ಹೂಡಿದರೆ ಅದನ್ನು ಬೆಳೆಸುತ್ತ ಹೋಗಬೇಕು, ಕೇಳುಗನ ಕಣ್ಣೆದುರೇ ಅದು ಚಿಗುರಬೇಕು. ಪಿಯಾನೊ ಮತ್ತು ಮೂರು ತಂತಿವಾದ್ಯಗಳಿಗಾಗಿ ಬರೆದ ನನ್ನ ಕೃತಿಯಲ್ಲಿ ಮೊದಲ ನಿಮಿಷದಲ್ಲೇ ಪಿಯಾನೊ ಒಂದು ಗಟ್ಟಿಯಾದ ಸ್ವರಗುಚ್ಛವನ್ನು ಬೀಳಿಸಿ ಸುಮ್ಮನಾಗುತ್ತದೆ. ತಂತಿವಾದ್ಯಗಳು ಅದನ್ನು ಕೇಳಿಯೇ ಇಲ್ಲವೆಂಬಂತೆ ತಮ್ಮ ಒಣ, ಕಿರಿದಾದ ಮಾತನ್ನು ಮುಂದುವರಿಸುತ್ತವೆ. ಆ ಗುಚ್ಛದ ಸ್ವರಗಳನ್ನು ಮಧ್ಯದ ಉದ್ದಕ್ಕೂ ನಾನು ಬೇಕೆಂದೇ ದೂರವಿಟ್ಟಿದ್ದೇನೆ. ಕೇಳುಗ ಅದನ್ನು ಮರೆಯಬೇಕು, ಪೂರ್ತಿಯಾಗಿ ಮರೆಯಬಾರದು. ಆ ಅಳತೆಯನ್ನು ಹಿಡಿಯುವುದೇ ಕೆಲಸವಾಗಿತ್ತು. ಏಳನೆಯ ನಿಮಿಷದ ಹೊತ್ತಿಗೆ ಮೂರೂ ವಾದ್ಯಗಳು ಒಮ್ಮೆಲೇ ಅದೇ ಸ್ವರಗಳಲ್ಲಿ ಬಿಚ್ಚಿಕೊಳ್ಳುತ್ತವೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಮೇಲೆ ಪಿಯಾನೊ ಇನ್ನೊಮ್ಮೆ, ಮೆತ್ತಗೆ. ಕಾಫಿ ಹೂವಿನ ಪರಿಮಳ ನೆನಪಾಯಿತು ಎಂದ ಕೇಳುಗರಿದ್ದಾರೆ. ಕೃತಿಯ ಹೆಸರಿನಲ್ಲಿ ಹೂವು ಇರದಿದ್ದರೆ ಹಾಗೆನ್ನುತ್ತಿದ್ದರೇ ಎಂಬುದು ಬೇರೆ ಮಾತು. ಒಬ್ಬ ಬೆಳೆಗಾರರು ಮಾತ್ರ ಹೊರಗೆ ಬರುತ್ತಲೇ ಬ್ಯಾಕಿಂಗ್ ಸ್ವಲ್ಪ ತಡವಾಯಿತಲ್ಲ ಎಂದರು. ಅವರಿಗಿಂತ ಒಳ್ಳೆಯ ವಿಮರ್ಶಕರು ನನಗೆ ಸಿಕ್ಕಿಲ್ಲ.

ಮುಂಗಾರಿನ ಮಳೆಯನ್ನು ಕುರಿತು ಹೀಗೆ ಹಗುರವಾಗಿ ಬರೆಯಲು ನನಗೆ ಆಗದು. ಮಳೆಯೆಂದರೆ ತಂತಿಯನ್ನು ಬೆರಳಿನಿಂದ ಮೀಟುವ ಪಿಜಿಕಾಟೊ ಎಂಬ ಒಂದು ಸಿದ್ಧರೂಢಿ ಇದೆ. ಹನಿ ಹನಿಯಾಗಿ ಮುದ್ದಾಗಿ ಕೇಳುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಒಂದು ಭಾಗವೇ ಕುಸಿಯಿತು. ಆ ವರ್ಷಗಳ ನಂತರ ಇಲ್ಲಿನವರು ಮಳೆಯನ್ನು ಆಲಿಸುವ ರೀತಿಯೇ ಬದಲಾಗಿದೆ. ರಾತ್ರಿಯಿಡೀ ಒಂದೇ ಸಮನೆ ಹೊಯ್ಯುವಾಗ ಜನ ಹೇಗೋ ನಿದ್ದೆ ಮಾಡುತ್ತಾರೆ, ಸದ್ದಿನ ಏಕತಾನ ಮುರಿದರೆ ಏಳುತ್ತಾರೆ. ಹೆಚ್ಚಿನ ಅಪಾಯ ಸದ್ದು ಏರಿದಾಗಲೇ ಇರಬೇಕೆಂದಿಲ್ಲ. ಸುರಿಯುವ ಮಳೆಯಲ್ಲೂ ಮೇಲಿನ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ ಎಲ್ಲೋ ಮಣ್ಣು ಅಡ್ಡಗಟ್ಟಿದೆ ಎಂದು ಅರ್ಥ, ಕೆಳಗಿನವರು ಜಾಗ ಬಿಡಬೇಕು. ಈ ಅರಿವಿನಿಂದ ನನ್ನ ಎರಡನೆಯ ಕ್ವಾರ್ಟೆಟ್ಟಿನ ಕೊನೆಯ ಭಾಗ ರೂಪುಗೊಂಡಿತು. ನಾಲ್ಕೂ ವಾದ್ಯಗಳು ದಟ್ಟವಾಗಿ, ಬಿಡುವಿಲ್ಲದೆ ಸಾಗುತ್ತಿರುವಾಗ ಚೆಲ್ಲೊ ಮಾತ್ರ ಸ್ವಲ್ಪಸ್ವಲ್ಪವಾಗಿ ತೆಳುವಾಗುತ್ತದೆ. ಶಿಖರಕ್ಕೆ ಏರುವ ಅಬ್ಬರಕ್ಕಿಂತ ತಳ ತೆಳುವಾಗುವುದು ಕೇಳುಗರನ್ನು ಹೆಚ್ಚು ಕಲಕುತ್ತದೆಂಬುದು ನುಡಿಸಿದಾಗ ಗೊತ್ತಾಯಿತು. ಆ ಕೃತಿಗೆ ಸ್ಥಳದ ಹೆಸರನ್ನಾಗಲೀ ವರ್ಷವನ್ನಾಗಲೀ ಇಟ್ಟಿಲ್ಲ. ಅನ್ಯರ ನಷ್ಟವನ್ನು ಶೀರ್ಷಿಕೆಯಾಗಿ ಬಳಸಿಕೊಳ್ಳುವ ಹಕ್ಕು ನನಗಿದೆಯೆಂದು ಅನ್ನಿಸಲಿಲ್ಲ.

ಮಳೆಗಾಲ ವಾದ್ಯಗಳಿಗೂ ಕಷ್ಟದ ಕಾಲ. ಜೂನ್ ತಿಂಗಳಿನಿಂದಲೇ ಮರ ತೇವ ಹೀರಿ ಉಬ್ಬುತ್ತದೆ, ಬಿರಡೆಗಳು ತಿರುಗದಂತೆ ಕಚ್ಚಿಕೊಳ್ಳುತ್ತವೆ, ಕಮಾನಿನ ಕೂದಲು ಸಡಿಲವಾಗಿ ಜೋಲುತ್ತದೆ, ಅಂಟು ಬಿಟ್ಟ ಜಾಗದಲ್ಲಿ ವಾದ್ಯ ಗೊರಗೊರ ಎನ್ನುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪಕ್ಕದಲ್ಲಿ ಬಲ್ಬು ಉರಿಸಿ ಕಾಪಾಡಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಕೊದಾಯ್ 1915ರಲ್ಲಿ ಒಂಟಿ ಚೆಲ್ಲೊಗಾಗಿ ಬರೆದ ಸೊನಾಟಾದಲ್ಲಿ ಮಂದ್ರದ ಎರಡು ತಂತಿಗಳನ್ನು ಅರ್ಧ ಸ್ವರದಷ್ಟು ಇಳಿಸಿ ಶ್ರುತಿ ಮಾಡಬೇಕು, ಹಾಗೆ ಇಳಿಸಿದ ತಂತಿಯಿಂದ ಆ ವಾದ್ಯದಲ್ಲಿ ಸಾಮಾನ್ಯವಾಗಿ ಸಿಗದ ಒಂದು ಒರಟು ಗಾಂಭೀರ್ಯ ಹೊರಡುತ್ತದೆ. ಅದನ್ನು ನೆನೆದೇ ಈಗ ಒಂಟಿ ವಿಯೊಲಾಕ್ಕೆ ಒಂದು ಕೃತಿ ಬರೆಯುತ್ತಿದ್ದೇನೆ. ಅದರಲ್ಲಿ ಮಂದ್ರದ ತಂತಿ ಮೊದಲಿನಿಂದಲೇ ಇಳಿದಿರುವುದಿಲ್ಲ. ಕೃತಿಯ ನಡುವೆ, ಸಭೆಯ ಎದುರೇ, ವಾದಕಿ ಬಿರಡೆ ತಿರುಗಿಸಿ ಅದನ್ನು ಇಳಿಸಬೇಕು.

ಇದಕ್ಕೆ ವಾದಕಿಯ ಆಕ್ಷೇಪಣೆ ಇದೆ. ಇಳಿಸಿದ ತಂತಿ ಕೂಡಲೇ ನಿಲ್ಲುವುದಿಲ್ಲ, ಒಂದಿಷ್ಟು ಹೊತ್ತು ಮೇಲಕ್ಕೇ ಜಗ್ಗುತ್ತಿರುತ್ತದೆ. ಮರುಸೆಕೆಂಡಿನಲ್ಲೇ ಆ ತಂತಿಯಲ್ಲಿ ಶುರುಮಾಡಿ ಎಂದರೆ ಅಪಶ್ರುತಿ ಖಂಡಿತ ಎಂಬುದು ಅವರ ವಾದ, ನ್ಯಾಯವಾದದ್ದೇ. ಹಾಗಾದರೆ ಇಳಿಸಿದ ಮೇಲೆ ಆ ತಂತಿಯನ್ನು ಮುಟ್ಟದೆ ಉಳಿದ ಮೂರರಲ್ಲೇ ಎರಡು ಪುಟ ಬರೆಯುತ್ತೇನೆ, ಅದು ನೆಲೆಗೊಳ್ಳಲಿ ಎಂದಿದ್ದೇನೆ. ಎರಡು ಪುಟ ಸಾಕಾಗದು, ಮೂರಾದರೂ ಬೇಕು, ಅದೂ ಮಳೆಗಾಲದಲ್ಲಾದರೆ ನಾಲ್ಕು ಎನ್ನುತ್ತಾರೆ ಅವರು. ಕಚೇರಿ ಇರುವುದು ಜುಲೈ ತಿಂಗಳಲ್ಲಿ, ಮಡಿಕೇರಿಯಲ್ಲೇ. ಸದ್ಯಕ್ಕೆ ಮೂರನೆಯ ಪುಟದಲ್ಲಿದ್ದೇನೆ.